ಫಾರ್ಮು ಹಂಚದೆ ಮನೆವಾರು ಲೆಕ್ಕ: ಚೆಂಬೂರಿನಲ್ಲಿ ನಾನು ಮಾಡಿದ ಕೆಲಸ

ರಿಜಿಸ್ಟರ್‌ನಲ್ಲಿ ಅಂದರೆ ಬೇರೆ ಕೆಲಸಕ್ಕೆಂದು ಮೊದಲೇ ಬರೆದಿಟ್ಟ ದಾಖಲೆಯಲ್ಲಿ, ಜನರ ಹೆಸರು ಇರುತ್ತದೆ, ವಿಳಾಸ ಇರುತ್ತದೆ. ಯಾರು ಯಾರ ಜೊತೆ ಸಂಸಾರ ಮಾಡುತ್ತಿದ್ದಾರೆ ಅನ್ನುವುದು ಇರುವುದಿಲ್ಲ. ಅದನ್ನು ಲೆಕ್ಕ ಮಾಡುವವರೇ ಜೋಡಿಸಿಕೊಳ್ಳಬೇಕು. ಮುಂಬಯಿಯ ಚೆಂಬೂರಿನಲ್ಲಿ ನಮ್ಮ ಹೌಸಿಂಗ್ ಸೊಸೈಟಿಗೂ ಪಕ್ಕದ ಹಳೇ ಚಾಳಿಗೂ (ಸಾಲು ಸಾಲು ಸಣ್ಣ ರೂಮುಗಳ ವಠಾರ) ನಾನು ಹೀಗೆ ದಾಖಲೆಗಳಿಂದಲೇ ಕುಟುಂಬಗಳ ಲೆಕ್ಕ ತೆಗೆದೆ. ಒಂಟಿಯಾಗಿರುವ ಹಿರಿಯರ ಪಟ್ಟಿ ಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಆಸರೆಗೆ ಹೋಗಬೇಕಾಗುತ್ತದೆ ಎಂದು ಎರಡೂ ಕಡೆಯ ಕಮಿಟಿಯವರು ಕೇಳಿದ್ದರು. ಅಂಕಿಅಂಶದ ಕೆಲಸವನ್ನೇ ಮಾಡಿಕೊಂಡು ಬಂದ ನನಗೆ ಇದು ಬಹಳ ದಿನದ ಆಸೆಯೂ ಆಗಿತ್ತು.

ದೊಡ್ಡ ಮಟ್ಟದಲ್ಲಿ ಇದು ಹೊಸದಲ್ಲ. ಡೆನ್ಮಾರ್ಕ್ 1981ರಲ್ಲೇ ಇಡೀ ಜನಗಣತಿಯನ್ನು ರಿಜಿಸ್ಟರ್‌ಗಳಿಂದ ಮಾಡಿತು. ಫಿನ್ಲೆಂಡ್ 1990ರಲ್ಲಿ ಮಾಡಿತು. ನೆದರ್ಲೆಂಡ್ಸ್‌ನಲ್ಲಿ 1971ರ ನಂತರ ಗಣತಿಗೆಂದು ಯಾರೂ ಮನೆಮನೆಗೆ ಹೋಗಿಲ್ಲ. ನಮ್ಮಲ್ಲಿ ಇವತ್ತಿಗೂ ಗಣತಿದಾರರು ಬಾಗಿಲು ತಟ್ಟಲೇಬೇಕು.

ವ್ಯತ್ಯಾಸ ಎಲ್ಲಿದೆ ಅಂದರೆ ಬಾಗಿಲಿನ ನಂಬರಿನಲ್ಲಿ. ನಾರ್ವೆಯಲ್ಲಿ ಹಲವು ಮನೆಗಳಿರುವ ಕಟ್ಟಡದಲ್ಲಿ ಪ್ರತಿ ಮನೆಗೂ ‘ಎಚ್ 0201’ ಥರದ ನಂಬರು ಇರುತ್ತದೆ. ಎರಡನೇ ಅಂತಸ್ತು, ಎಡದಿಂದ ಮೊದಲ ಮನೆ ಎಂದು ಅದರ ಅರ್ಥ. ಸ್ವೀಡನ್ ಕೂಡ ಇಂಥ ನಂಬರು ಕೊಟ್ಟು, ಜನರನ್ನು ಆಯಾ ಫ್ಲ್ಯಾಟಿಗೆ ಸೇರಿಸಿ, ಆಮೇಲೆ 2011ರಲ್ಲಿ ರಿಜಿಸ್ಟರ್ ಗಣತಿ ನಡೆಸಿತು. ಕಟ್ಟಡದ ವಿಳಾಸ ಮಾತ್ರ ಇದ್ದರೆ ಇನ್ನೂರು ಜನ ಒಂದೇ ರಾಶಿಯಾಗಿ ಬೀಳುತ್ತಾರೆ, ಕುಟುಂಬ ಹುಟ್ಟುವುದಿಲ್ಲ.

ನನ್ನ ಹೆಚ್ಚಿನ ಸಮಯ ಹೋದದ್ದೂ ಇಲ್ಲೇ. ಮತದಾರರ ಪಟ್ಟಿಯಲ್ಲಿ ಚಾಳಿನ ಹೆಸರು ನಾಲ್ಕಾರು ಥರ ಬರೆದಿದೆ, ರೂಮ್ ನಂಬರು ಎಷ್ಟೋ ಕಡೆ ಇಲ್ಲವೇ ಇಲ್ಲ. ಕೊನೆಗೆ ಆಧಾರವಾಗಿ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕರೆಂಟ್ ಮೀಟರ್ ಹಲಗೆ. ಪ್ರತಿ ಮೀಟರಿನ ಪಕ್ಕ ರೂಮ್ ನಂಬರನ್ನು ಬಿಳಿ ಬಣ್ಣದಲ್ಲಿ ಬರೆದಿದ್ದರು. ಒಂದು ರೂಮಿಗೆ ನಡುವೆ ಪ್ಲೈವುಡ್ ಗೋಡೆ ಹಾಕಿ ಎರಡು ಮೀಟರ್ ತಗೊಂಡಿದ್ದಾರೆ. ಇನ್ನೊಂದು ಕಡೆ ಎರಡು ರೂಮು ಒಡೆದು ಒಂದು ಮಾಡಿ ಒಂದೇ ಮೀಟರ್ ಇಟ್ಟುಕೊಂಡಿದ್ದಾರೆ. ಹಲಗೆ ನೋಡಿ, ಓಣಿಯಲ್ಲಿ ನಡೆದು, ಅಂತಸ್ತು ಮತ್ತು ಎಡದಿಂದ ಎಷ್ಟನೇ ಬಾಗಿಲು ಎಂದು ಪ್ರತಿ ಮನೆಗೂ ನನ್ನದೇ ಒಂದು ಗುರುತು ಕೊಟ್ಟೆ. ಉಳಿದ ಎಲ್ಲ ದಾಖಲೆ ಈ ಗುರುತಿಗೆ ಬಂದು ಸೇರಬೇಕು.

ಸೊಸೈಟಿಯ ‘ಐ’ ನಮೂನೆ ರಿಜಿಸ್ಟರ್ ಸದಸ್ಯರು ಯಾರು ಎಂದು ಹೇಳುತ್ತದೆ, ಒಳಗೆ ವಾಸ ಇರುವವರು ಯಾರು ಎಂದು ಹೇಳುವುದಿಲ್ಲ. ಬಾಡಿಗೆಯವರಿಗೆ ಲೀವ್ ಅಂಡ್ ಲೈಸೆನ್ಸ್ ಕರಾರಿನ ಪ್ರತಿ ನೋಡಿದೆ. ರೇಷನ್ ಕಾರ್ಡಿನಲ್ಲಿ ಸಂಬಂಧ ಬರೆದಿರುತ್ತದೆ, ಮಕ್ಕಳ ಹೆಸರೂ ಸಿಗುತ್ತದೆ. ಮತದಾರರ ಪಟ್ಟಿಯಲ್ಲಿ ತಂದೆಯ ಅಥವಾ ಗಂಡನ ಹೆಸರು ಇರುವುದರಿಂದ ಜೋಡಿ ಕೂಡಿಸಲು ಸುಲಭ, ಆದರೆ 18 ತುಂಬದವರು ಅದರಲ್ಲಿಲ್ಲ. ಮನೆಯವರು ಸಹಿ ಹಾಕಿ ಒಪ್ಪಿದ ಮೇಲೆಯೇ ಕಾರ್ಡು, ಕರಾರು ಮುಟ್ಟಿದ್ದು. ಜೋಡಣೆ ಮುಗಿದ ಕೂಡಲೇ ಲೆಕ್ಕದ ಪಟ್ಟಿಯಿಂದ ಹೆಸರು ತೆಗೆದು ನಂಬರು ಇಟ್ಟೆ. ಇದನ್ನು ಬಿಟ್ಟು ಬೇರೆ ಯಾವ ರೀತಿಯಲ್ಲೂ ಈ ಕೆಲಸ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನಿಜವಾದ ಪ್ರಶ್ನೆ. ಕುಟುಂಬ ಅಂದರೆ ಯಾವುದು? ಫಿನ್ಲೆಂಡ್‌ನ ರಿಜಿಸ್ಟರ್ ಲೆಕ್ಕದಲ್ಲಿ ಒಂದು ಮನೆಯೊಳಗೆ ಕಾಯಂ ವಾಸ ಇರುವವರೆಲ್ಲ ಒಂದು ಕುಟುಂಬ. ಭಾರತದ ಜನಗಣತಿಯಲ್ಲಿ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಅಡುಗೆಮನೆಯ ರಿಜಿಸ್ಟರ್ ಯಾರ ಹತ್ತಿರವೂ ಇಲ್ವಲ್ಲ! ಹತ್ತಿರದ ಸುಳಿವು ಅಂದರೆ ಗ್ಯಾಸ್ ಪುಸ್ತಕ. ಒಂದು ಫ್ಲ್ಯಾಟಿನಲ್ಲಿ ಅಣ್ಣ ತಮ್ಮ ಇದ್ದಾರೆ. ಬಾಗಿಲು ಒಂದು, ಗ್ಯಾಸ್ ಪುಸ್ತಕ ಎರಡು, ರೇಷನ್ ಕಾರ್ಡೂ ಎರಡು. ಫಿನ್ಲೆಂಡಿನ ರೀತಿಯಲ್ಲಿ ಒಂದು ಕುಟುಂಬ, ನಮ್ಮ ರೀತಿಯಲ್ಲಿ ಎರಡು. ನಾನು ಎರಡೂ ಲೆಕ್ಕವನ್ನು ಅಕ್ಕಪಕ್ಕದ ಕಾಲಂನಲ್ಲಿ ಇಟ್ಟೆ. ಒಂದನ್ನೇ ಕೊಟ್ಟರೆ ಓದುವವರಿಗೆ ಯಾವ ಲೆಕ್ಕ ಎಂದು ತಿಳಿಯುವುದಿಲ್ಲ.

ಇನ್ನೊಂದು ತೊಡಕು, ಕಾಗದದಲ್ಲಿ ಮಾತ್ರ ಉಳಿದವರು. ಮಗ ಬೆಂಗಳೂರಿಗೆ ಹೋಗಿ ಎಷ್ಟು ವರ್ಷವಾದರೂ ಕಾರ್ಡಿನಲ್ಲಿ ಇಲ್ಲೇ ಇರುತ್ತಾನೆ. ಎಸ್ಟೋನಿಯಾದವರಿಗೂ ಇದೇ ಕಷ್ಟ ಇತ್ತು. ಒಬ್ಬ ವ್ಯಕ್ತಿ ಬೇರೆ ಬೇರೆ ರಿಜಿಸ್ಟರ್‌ಗಳಲ್ಲಿ ಇತ್ತೀಚೆಗೆ ಕಾಣಿಸಿಕೊಂಡಿದ್ದಾನಾ ಎಂದು ನೋಡಿ, ದೇಶದಲ್ಲಿ ಇದ್ದಾನೋ ಇಲ್ಲವೋ ಎಂದು ತೀರ್ಮಾನಿಸುವ ಸೂಚ್ಯಂಕವನ್ನು 2021ರ ಗಣತಿಗೆ ಬಳಸಿದರು. ನಾನು ಅದನ್ನೇ ಚಿಕ್ಕದಾಗಿ ಮಾಡಿದೆ. ಕಾರ್ಡಿನಲ್ಲಿರುವ ಹೆಸರು ಗೇಟ್ ಪಾಸ್, ಪಾರ್ಕಿಂಗ್ ಸ್ಟಿಕರ್, ಸ್ಕೂಲ್ ಬಸ್ ಪಟ್ಟಿ, ಇದರಲ್ಲಿ ಎಲ್ಲಾದರೂ ಇದೆಯಾ? ಎಲ್ಲೂ ಇಲ್ಲದಿದ್ದರೆ ಸಂಶಯದ ಪಟ್ಟಿಗೆ. ಬಾಗಿಲು ತಟ್ಟಿದ್ದು ಆ ಮನೆಗಳಲ್ಲಿ ಮಾತ್ರ. ಚಾಳಿನ ಎರಡನೇ ಅಂತಸ್ತಿನ ಅಮ್ಮ ಹೇಳಿದರು, ‘ಕಾರ್ಡಲ್ಲಿ ನಾಲ್ಕು ಜನ ಇದ್ದೇವೆ ಮಾರಾಯ್ರೆ, ಅನ್ನಕ್ಕೆ ಇಡುವುದು ನನಗೊಬ್ಬಳಿಗೆ.’ ಕಮಿಟಿಗೆ ಬೇಕಾದ ಪಟ್ಟಿ ಇಂಥವರದೇ. ಬರೀ ಕಾರ್ಡು ನಂಬಿದ್ದರೆ ಇವರು ತುಂಬಿದ ಮನೆಯವರಾಗಿ ಲೆಕ್ಕಕ್ಕೆ ಸೇರುತ್ತಿದ್ದರು.

ಉಲ್ಟಾ ಕಥೆ ಹೋಟೆಲ್ ಹುಡುಗರದು. ಕುಂದಾಪುರದ ಕಡೆಯಿಂದ ಬಂದವರು, ಹೋಟೆಲಿನ ಅಟ್ಟದಲ್ಲಿ ಮಲಗುತ್ತಾರೆ, ಅಲ್ಲೇ ಉಣ್ಣುತ್ತಾರೆ. ಕಾರ್ಡು, ವೋಟು ಎರಡೂ ಊರಲ್ಲಿ. ನನ್ನ ಯಾವ ರಿಜಿಸ್ಟರ್‌ನಲ್ಲೂ ಅವರಿಲ್ಲ. ಗಣತಿಯ ನಿಯಮದಲ್ಲಿ ಇಂಥವರಿಗೆ ಸಾಂಸ್ಥಿಕ ಕುಟುಂಬ ಎಂದು ಬೇರೆ ವರ್ಗವೇ ಇದೆ. ಮಾಲೀಕರ ಹಾಜರಿ ಪುಸ್ತಕದಿಂದ ತಲೆ ಎಣಿಸಿ ಆ ವರ್ಗದಲ್ಲಿ ಬರೆದೆ.

ತೀರ್ಮಾನವಾಗದ ಮನೆಗಳಿಗೆ ಬೇರೆಯೇ ಕಾಲಂ ಇಟ್ಟಿದ್ದೇನೆ, ಸುಮ್ನೆ ಅಂದಾಜು ತುಂಬಿಲ್ಲ. ಮುಂದಿನ ಜನಗಣತಿಯ ಲೆಕ್ಕಕ್ಕೆ ನಿಗದಿಯಾದ ದಿನ 2027ರ ಮಾರ್ಚ್ 1. ಅಷ್ಟರೊಳಗೆ ಚಾಳಿನ ಎಲ್ಲ ಬಾಗಿಲಿಗೂ ಅಂತಸ್ತಿನ ಕ್ರಮದಲ್ಲಿ ನಂಬರು ಬರೆಸಬೇಕು ಎಂದು ಕಮಿಟಿಗೆ ಹೇಳಿದ್ದೇನೆ. ಪ್ಲೈವುಡ್ ಗೋಡೆಯ ಆಚೆಯ ಮನೆಗೂ ಅದರದೇ ಸ್ವಂತ ನಂಬರು ಬೇಕು.