ಕೈಪಿಡಿಯ ನೆರವಿನಿಂದ ಊರ ಹಕ್ಕಿಗಳನ್ನು ಗುರುತಿಸುವ ಬಗೆ

ಹಕ್ಕಿಗಳ ಕೈಪಿಡಿಯನ್ನು ಹೊಸದಾಗಿ ಕೊಂಡವರು ಹಕ್ಕಿ ಕಂಡ ಕೂಡಲೇ ಪುಟ ತಿರುವಲು ತೊಡಗುತ್ತಾರೆ. ಹೋಲುವ ಚಿತ್ರ ಸಿಗುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ, ಅದರ ಕೊಕ್ಕಿನ ಬಣ್ಣವೂ ನೆನಪಿರುವುದಿಲ್ಲ. ಹಕ್ಕಿ ಎದುರಿಗಿರುವಷ್ಟು ಹೊತ್ತೂ ಅದನ್ನೇ ನೋಡಿ, ಕಂಡದ್ದನ್ನು ಬರೆದುಕೊಂಡು, ಪುಸ್ತಕವನ್ನು ಆಮೇಲೆ ತೆರೆಯುವುದು ಸರಿಯಾದ ಕ್ರಮ.

ಮೊದಲು ಬರೆದುಕೊಳ್ಳಬೇಕಾದದ್ದು ಗಾತ್ರ. ಗುಬ್ಬಚ್ಚಿ, ಗೊರವಂಕ, ಕಾಗೆ ಈ ಮೂರನ್ನು ಅಳತೆಗೋಲಾಗಿ ಇಟ್ಟುಕೊಂಡು, ಕಂಡ ಹಕ್ಕಿ ಯಾವುದಕ್ಕಿಂತ ದೊಡ್ಡದು, ಯಾವುದಕ್ಕಿಂತ ಚಿಕ್ಕದು ಎಂದು ಗುರುತು ಹಾಕಿಕೊಂಡರೆ ಸಾಕು. ಕೈಪಿಡಿಯಲ್ಲಿ ಕೊಟ್ಟಿರುವ ಉದ್ದ ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗಿನದು ಎಂಬುದನ್ನು ಮರೆಯಬಾರದು. ಗಿಳಿಯೂ ಕಾಗೆಯೂ ಸುಮಾರು 40 ಸೆಂ.ಮೀ. ಎಂದು ಅಲ್ಲಿ ಕಂಡರೆ ಅಚ್ಚರಿಪಡಬೇಕಿಲ್ಲ, ಗಿಳಿಯ ಉದ್ದದಲ್ಲಿ ದೊಡ್ಡ ಪಾಲು ಬಾಲದ್ದೇ.

ಬಣ್ಣವೊಂದನ್ನೇ ನಂಬಿದರೆ ಏನಾಗುತ್ತದೆಂಬುದನ್ನು ತಿಳಿಯಲು ಕೆರೆಯ ದಂಡೆಗೆ ಹೋಗಿ ಬೆಳ್ಳಕ್ಕಿಗಳನ್ನು ನೋಡಬೇಕು. ಬಿಳಿಯ ಹಕ್ಕಿಗಳೆಲ್ಲ ದೂರಕ್ಕೆ ಒಂದೇ ಆಗಿ ಕಂಡರೂ, ಅವುಗಳಲ್ಲಿ ನಾಲ್ಕು ಜಾತಿಗಳಿರಬಹುದು. ಕೊಕ್ಕು ಕಪ್ಪಾಗಿದ್ದು, ಕಪ್ಪು ಕಾಲಿನ ಕೊನೆಯಲ್ಲಿ ಬೆರಳುಗಳು ಮಾತ್ರ ಹಳದಿಯಾಗಿದ್ದರೆ ಅದು ಚಿಕ್ಕ ಬೆಳ್ಳಕ್ಕಿ. ಕಾಲು ಕೆಸರಿನಲ್ಲಿ ಹುಗಿದಿದ್ದರೆ ಅದು ಹೆಜ್ಜೆ ಎತ್ತುವವರೆಗೆ ಕಾಯಲೇಬೇಕು. ಗಿಡ್ಡ ಕತ್ತು, ಮೊಂಡಾದ ಹಳದಿ ಕೊಕ್ಕು ಹೊತ್ತು ದನಗಳ ಹಿಂದೆ ಹುಳುಹುಪ್ಪಟೆ ಹುಡುಕುತ್ತಿರುವುದು ಗೋವಕ್ಕಿ. ಮರಿಮಾಡುವ ಕಾಲಕ್ಕೆ ಇದರ ತಲೆ, ಕತ್ತು, ಬೆನ್ನಿಗೆ ಕಿತ್ತಳೆಗಂದು ಬಣ್ಣ ಬರುವುದರಿಂದ ಆಗ ಅನುಮಾನಕ್ಕೆ ಎಡೆಯಿಲ್ಲ. ಉಳಿದವು ದೊಡ್ಡ ಬೆಳ್ಳಕ್ಕಿ ಮತ್ತು ಮಧ್ಯಮ ಬೆಳ್ಳಕ್ಕಿ, ತೊಡಕಿರುವುದು ಇಲ್ಲಿಯೇ. ಅಕ್ಕಪಕ್ಕ ನಿಂತಾಗಲಷ್ಟೇ ಗಾತ್ರದ ವ್ಯತ್ಯಾಸ ತಿಳಿಯುತ್ತದೆ, ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕಂತೂ ಮರಿಮಾಡುವ ಕಾಲದಲ್ಲಿ ಕಪ್ಪಾಗಿಬಿಡುತ್ತದೆ. ಆದ್ದರಿಂದ ಬೈನಾಕ್ಯುಲರ್‌ನಲ್ಲಿ ಬಾಯಿಯ ಸೀಳನ್ನು ನೋಡಬೇಕು: ದೊಡ್ಡ ಬೆಳ್ಳಕ್ಕಿಯಲ್ಲಿ ಆ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ, ಮಧ್ಯಮದಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ.

ಕೈಪಿಡಿಯ ಚಿತ್ರ ಸಾಮಾನ್ಯವಾಗಿ ಬಲಿತ ಹಕ್ಕಿಯದು ಎಂಬುದೂ ಗಮನದಲ್ಲಿರಬೇಕು. ಕೆಮ್ಮೀಸೆ ಪಿಕಳಾರದ ಎಳೆಯ ಹಕ್ಕಿಗೆ ಕೆನ್ನೆಯ ಕೆಂಪು ಇರುವುದಿಲ್ಲ. ಬಾಲದ ಬುಡದ ಕೆಂಪನ್ನು ನಂಬೋಣವೆಂದರೆ ಅದು ಇನ್ನೊಂದು ಪಿಕಳಾರಕ್ಕೂ ಇದೆ. ಇಂಥಲ್ಲಿ ತಲೆಯ ಮೇಲೆ ನೆಟ್ಟಗೆ ನಿಂತ ಜುಟ್ಟೂ ಬಿಳಿಯ ಹೊಟ್ಟೆಯೂ ನೆರವಾಗುತ್ತವೆ. ಕೋಗಿಲೆಯಲ್ಲಿ ಗಂಡು ಅಪ್ಪಟ ಕಪ್ಪು, ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳದು. ಇವೆರಡನ್ನೂ ಬೇರೆ ಬೇರೆ ಹಕ್ಕಿಗಳೆಂದು ಎಣಿಸಿದವರು ನಮ್ಮಲ್ಲಿ ಕಡಿಮೆಯಿಲ್ಲ.

ಚಿತ್ರ ಹೊಂದಿದೆ ಎನ್ನಿಸಿದ ಮೇಲೆ ಹೆಸರು ಬರೆಯುವ ಮುನ್ನ ಪಕ್ಕದಲ್ಲಿರುವ, ಆ ಹಕ್ಕಿ ಎಲ್ಲೆಲ್ಲಿ ಕಾಣಸಿಗುತ್ತದೆಂದು ತೋರಿಸುವ ಪುಟ್ಟ ನಕ್ಷೆಯನ್ನು ನೋಡಬೇಕು. ಹೊಸಬರು ಬಿಟ್ಟುಬಿಡುವುದು ಇದನ್ನೇ, ನನ್ನ ಅಭಿಪ್ರಾಯದಲ್ಲಿ ಕೈಪಿಡಿಗೆ ಕೊಟ್ಟ ಹಣ ವಸೂಲಾಗುವುದೂ ಇದರಿಂದಲೇ. ಬೂದು ಬಣ್ಣದ ಎರಡು ಮಂಗಟ್ಟೆಗಳ ಚಿತ್ರಗಳು ಒಂದೇ ಪುಟದಲ್ಲಿದ್ದರೂ, ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಮತ್ತು ಅದರ ಆಸುಪಾಸಿಗೆ ಸೀಮಿತವಾದುದರಿಂದ, ಬಯಲುಸೀಮೆಯ ಆಲದ ಮರದಲ್ಲಿ ಕಂಡದ್ದು ಇನ್ನೊಂದೇ ಆಗಿರುವ ಸಂಭವ ಹೆಚ್ಚು. ಕೊಕ್ಕಿನ ಮೇಲೆ ಮೊನಚಾದ ಕೊಂಬಿನಂಥ ಉಬ್ಬು ಕಂಡರೆ ಅದು ಖಚಿತವಾಗುತ್ತದೆ. ನಕ್ಷೆಯ ಬಣ್ಣಗಳು ಕಾಲವನ್ನೂ ಹೇಳುತ್ತವೆ. ಚಳಿಗಾಲದ ವಲಸಿಗನೆಂದು ತೋರಿಸಿರುವ ಹಕ್ಕಿಯನ್ನು ಜೂನ್ ತಿಂಗಳಲ್ಲಿ ಕಂಡೆನೆನ್ನಿಸಿದರೆ ಮತ್ತೊಮ್ಮೆ ಪರಿಶೀಲಿಸುವುದು ಒಳ್ಳೆಯದು.

ಚಳಿಗಾಲದಲ್ಲಿ ಎಲೆಗಳ ನಡುವೆ ಚಡಪಡಿಸುವ ಹಸಿರುಗಂದು ಬಣ್ಣದ ಉಲಿಯಕ್ಕಿಗಳ ಗೊಡವೆ ಮೊದಲ ವರ್ಷದಲ್ಲಿ ಬೇಡ. ಅವುಗಳಲ್ಲಿ ಹಲವನ್ನು ಅನುಭವಿಗಳೂ ಕೂಗು ಕೇಳಿಯೇ ಬೇರ್ಪಡಿಸುತ್ತಾರೆ. ಟಿಪ್ಪಣಿಯಲ್ಲಿ ಸ್ಥಳ, ದಿನಾಂಕ, ಹೊತ್ತು ಬರೆದು, ಹೆಸರಿನ ಜಾಗದಲ್ಲಿ ‘ಯಾವುದೋ ಉಲಿಯಕ್ಕಿ’ ಎಂದಷ್ಟೇ ಬರೆದರೂ ಸಾಕು.