ಮಡಚುವ ಚಾಕಿಗೆ ಕುಸುಬಿ ಎಣ್ಣೆ ಹಾಕುವವರಿಗೆ

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮೊಮ್ಮಗ ತನ್ನ ಚಾಕುಗಳ ಡಬ್ಬಿ ತಂದು ನನ್ನ ಮುಂದೆ ಇಟ್ಟ. "ಆಯಿ, ಒಂದೂ ಬಿಚ್ಚಾಕ ಬರವಲ್ದು ನೋಡು" ಅಂದ. ಹನ್ನೊಂದು ಚಾಕು. ಫ್ರಾನ್ಸಿನ ಒಪಿನೆಲ್, ಜಪಾನಿನ ಹಿಗೊನೊಕಾಮಿ, ಒಂದು ರಾಂಪುರಿ, ಉಳಿದವು ಹುಬ್ಬಳ್ಳಿಯ ಗುಜರಿಯಲ್ಲಿ ಆರಿಸಿ ತಂದದ್ದು. ಒಂದನ್ನು ಮೂಸಿ ನೋಡಿದೆ. ಕುಸುಬಿ ಎಣ್ಣೆ! ನನ್ನ ಅಡುಗೆಮನೆಯದ್ದೇ, ಹೇಳದೆ ಕೇಳದೆ ಒಯ್ದು ಅಲಗು ಮಡಚುವ ಕೀಲಿಗೆ ಸುರಿದಿದ್ದ.

ಕುಸುಬಿ, ಅಗಸೆ ಎರಡೂ ಗಾಳಿಗೆ ಒಣಗುವ ಎಣ್ಣೆ. ಮೊದಲು ಅಂಟಾಗುತ್ತವೆ, ಆಮೇಲೆ ವಾರ್ನಿಶ್ ಹಾಗೆ ಗಟ್ಟಿಯಾಗುತ್ತವೆ. ಎಣ್ಣೆ ಡಬ್ಬಿಯ ಬಾಯಿಗೆ ಹಳದಿ ಅಂಟು ಮೆತ್ತಿರುತ್ತದಲ್ಲ, ಅದೇ ಈಗ ಕೀಲಿನೊಳಗೂ ಕೂತಿದೆ. ಗದಗಿನ ಎರೆ ಹೊಲದಲ್ಲಿ ಕುಸುಬಿ ಮುಳ್ಳು ಚುಚ್ಚಿಸಿಕೊಂಡು ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಈಗಿನವರು ದಿನಾ ಅದೇ ಎಣ್ಣೆ ತಿನ್ನುತ್ತಾರೆ, ಗುಣ ಮಾತ್ರ ಗೊತ್ತಿಲ್ಲ. ಕೊಬ್ಬರಿ ಎಣ್ಣೆ ನಡೆಯುತ್ತಾ ಅಂತ ಕೇಳಬೇಡಿ. ಧಾರವಾಡದ ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಹೊಲಿಗೆ ಮಿಷಿನ್ನಿನ ತೆಳು ಎಣ್ಣೆ ತನ್ನಿ. ಹಣ್ಣು ಹೆಚ್ಚುವ ಚಾಕಾದರೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್.

ಇನ್ನು ಕೀಲು ಬಿಡಿಸುವುದು. ಇದು ನಮ್ಮ ಮಾವನವರ ಪದ್ಧತಿ. ಅವರ ಹತ್ತಿರ ಬೀಟೆ ಹಿಡಿಯ ಎರಡು ಅಲಗಿನ ಚಾಕು ಇತ್ತು. ಪೇರಲಹಣ್ಣು ಕೊಯ್ಯಲೂ ಅದೇ, ಪೆನ್ಸಿಲ್ ಹೆರೆಯಲೂ ಅದೇ. ಖಂಡೇನವಮಿಯ ಹಿಂದಿನ ದಿನ ಪಡಸಾಲೆಯಲ್ಲಿ ಕೂತು ಅದಕ್ಕೆ ಎಣ್ಣೆ ಹಾಕುತ್ತಿದ್ದರು. ಆಗ ಯಾರೂ ಮಾತಾಡಿಸುವಂತಿರಲಿಲ್ಲ.

ಹಳೇ ಧೋತರದ ತುಂಡು ಬೇಕು, ಒಗೆದು ಒಗೆದು ಮೆತ್ತಗಾಗಿರಬೇಕು. ಹೊಸ ಬಟ್ಟೆಯ ಗಂಜಿ ಕೀಲಿನಲ್ಲೇ ಉಳಿಯುತ್ತದೆ. ಅಂಚಿನಿಂದ ಮೂರು ನೂಲು ಎಳೆದು, ತೊಡೆಯ ಮೇಲೆ ಹೊಸೆಯಿರಿ. ಹೂಬತ್ತಿಯಷ್ಟು ದಪ್ಪ ಬೇಡ, ಅದರ ಅರ್ಧ ಸಾಕು. ಸೀಮೆಎಣ್ಣೆಯಲ್ಲಿ ಅದ್ದಿ. ಅದು ಸಿಗದಿದ್ದರೆ ಪೇಂಟ್ ಅಂಗಡಿಯ ಟರ್ಪೆಂಟೈನ್, ಒಲೆಯಿಂದ ದೂರ ಕೂತು. ಗಟ್ಟಿಯಾಗಿ ಹಿಡಿದ ಕೀಲಿಗೆ ಮೊದಲೇ ನಾಲ್ಕು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಮರುದಿನ ಅಲಗನ್ನು ಅರ್ಧ ಬಿಚ್ಚಿ, ಅದರ ಬಾಯಿಗೆ ದಪ್ಪ ಬಟ್ಟೆ ಸುತ್ತಿ. ಸ್ಪ್ರಿಂಗಿನ ಚಾಕು ಟಪ್ಪನೆ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ. ಅಲಗಿಗೂ ಹಿಡಿಗೂ ನಡುವಿನ ಸಂದಿಯಲ್ಲಿ ನೂಲು ತೂರಿಸಿ, ಎರಡೂ ತುದಿ ಹಿಡಿದು ಮೊಸರು ಕಡೆದ ಹಾಗೆ ಎಳೆಯಿರಿ. ಕರಿ ಬರುತ್ತದೆ. ನೂಲು ಬದಲಿಸಿ, ಮತ್ತೆ ಎಳೆಯಿರಿ. ನೂಲು ಬೆಳ್ಳಗೆ ಬರುವ ತನಕ ಬಿಡಬಾರದು. ಆರೇಳು ನೂಲು ಖರ್ಚಾದರೂ ಸರಿ, ಧೋತರವೇನು ಬಂಗಾರದ್ದೇ?

ಆರಿದ ಮೇಲೆ ಎಣ್ಣೆ. ಸೀಸೆಯಿಂದ ಸುರಿಯಬೇಡಿ. ಹೊಲಿಯುವ ಸೂಜಿಯನ್ನು ಎಣ್ಣೆಗೆ ಅದ್ದಿ ಎತ್ತಿದರೆ ತುದಿಯಲ್ಲಿ ಒಂದು ಹನಿ ನೇತಾಡುತ್ತದೆ, ಅದನ್ನು ಕೀಲಿಗೆ ಮುಟ್ಟಿಸಿ. ತಾನೇ ಒಳಗೆ ಹೋಗುತ್ತದೆ. ಇಪ್ಪತ್ತು ಸಲ ಬಿಚ್ಚಿ ಮಡಚಿ, ಒರೆಸಿ, ಇನ್ನೊಂದು ಹನಿ. ಅಷ್ಟೇ. ಜಾಸ್ತಿಯಾದರೆ ಧೂಳು ಕೂರುತ್ತದೆ.

ಒಪಿನೆಲ್ಲಿನ ಕಥೆ ಬೇರೆ. ಅದರದ್ದು ಕಟ್ಟಿಗೆ ಹಿಡಿ. ಮೊಮ್ಮಗ ಸಿಂಕಿನಲ್ಲಿ ನೆನೆಸಿಟ್ಟಿದ್ದ, ಉಬ್ಬಿ ಅಲಗನ್ನು ಕಚ್ಚಿಕೊಂಡಿತ್ತು. ಹಿಡಿಯ ಕತ್ತಿನಲ್ಲಿರುವ ಬೀಗದ ಬಳೆ ತಿರುಗಿಸಿ ಬೀಗ ಬಿಡಿಸಿ, ಹಿಡಿಯ ತುದಿಯನ್ನು ಕಟ್ಟೆಗೆ ಟಕ್ಕನೆ ಕುಟ್ಟಿದರೆ ಅಲಗು ಸ್ವಲ್ಪ ಹೊರಗೆ ಬರುತ್ತದೆ. ಆಲ್ಪ್ಸ್ ಬೆಟ್ಟದ ಸವೋಯ್ ಸೀಮೆಯಲ್ಲಿ 1890ರಲ್ಲಿ ಹುಟ್ಟಿದ ಚಾಕು ಅದು, ಅಲ್ಲಿನವರ ಉಪಾಯವೂ ಇದೇ ಅಂತೆ. ಹಿಗೊನೊಕಾಮಿ ನನಗೆ ಹಿಡಿಸಿತು. ಸ್ಪ್ರಿಂಗಿಲ್ಲ, ಬೀಗವಿಲ್ಲ, ಅಲಗಿನ ಬಾಲ ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಆಯಿತು. ಕೀಲು ಸಡಿಲಾದರೆ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ಒಂದೆರಡು ಏಟು.

ಅಗಸೆ ಎಣ್ಣೆಗೂ ಕೆಲಸವಿದೆ. ಕಟ್ಟಿಗೆ ಹಿಡಿಗೆ ತೆಳ್ಳಗೆ ಸವರಿ ಒಣಗಿಸಿ, ಅಲ್ಲಿ ಗಟ್ಟಿಯಾಗುವುದೇ ಒಳ್ಳೆಯದು. ಸವರಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಬೆಂಕಿ ಹತ್ತುತ್ತದೆ. ಹರವಿ ಒಣಗಿಸಿ.

ಅಲಗು ಕಪ್ಪಾಗಿದೆ ಅಂತ ಪಾಲಿಶ್ ಪೇಪರ್ ಹಿಡಿದು ಕೂರುವವರಿಗೆ ಏನು ಹೇಳಲಿ? ನಿಂಬೆ, ಮಾವು ಹೆಚ್ಚಿ ಹೆಚ್ಚಿ ಬಂದ ಬೂದುಗಪ್ಪು ಅದು, ಜಂಗಲ್ಲ. ಬೆರಳಿಗೆ ಕೆಂಪು ಹತ್ತಿದರೆ ಮಾತ್ರ ಜಂಗು. ಹಳೇ ಚಾಕನ್ನು ತಿಕ್ಕಿ ಬೆಳ್ಳಗೆ ಮಾಡಿದರೆ ಸಂಗ್ರಹಿಸುವವರು ಅರ್ಧ ಬೆಲೆಯನ್ನೂ ಕೊಡುವುದಿಲ್ಲ. ರೊಟ್ಟಿ ಹಂಚಿಗೂ ಹೀಗೇ ಮಾಡುತ್ತಾರೆ ನೋಡಿ. ನನ್ನ ಸೊಸೆ ಮೂವತ್ತು ವರ್ಷದ ಕಬ್ಬಿಣದ ಹಂಚನ್ನು ಸೋಪು ಹಾಕಿ ತಂತಿಯಿಂದ ಉಜ್ಜಿದಳು. ಒಂದು ತಿಂಗಳು ರೊಟ್ಟಿ ಅಂಟಿಕೊಂಡೇ ಬಂತು.

ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಹಿಡಿಯುತ್ತದೆ. ಒಣ ಬಟ್ಟೆ ಸುತ್ತಿ, ಡಬ್ಬಿಯಲ್ಲಿ ಎರಡು ತುಂಡು ಸೀಮೆಸುಣ್ಣ ಹಾಕಿ. ಹಳೇ ಸೆಲ್ಯುಲಾಯ್ಡ್ ಹಿಡಿಯವನ್ನು ಬೇರೆಯೇ ಇಡಿ. ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ, ಅದೇ ಗುರುತು. ಅದು ಹಾಳಾಗುವಾಗ ಬಿಡುವ ಹೊಗೆಗೆ ಪಕ್ಕದ ಚಾಕುಗಳೂ ಜಂಗು ತಿನ್ನುತ್ತವೆ.

ಹನ್ನೊಂದರಲ್ಲಿ ಒಂಬತ್ತು ಬಿಚ್ಚಿವೆ. ಉಳಿದ ಎರಡನ್ನು ಅವನೇ ಕೂತು ಬಿಡಿಸುತ್ತಿದ್ದಾನೆ, ನನ್ನ ಧೋತರದ ತುಂಡು ಆಗಲೇ ಮುಗಿಯುತ್ತಾ ಬಂದಿದೆ.