ಪ್ಯಾಡ್ ಕೊಳ್ಳುವ ಮುನ್ನ ಡಿಸ್ಕ್ ಅಳೆಸಿ

ಕಳೆದ ಶ್ರಾವಣದಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ವಾಪಸ್ ಬರುತ್ತಿದ್ದೆವು. ಭರಮಸಾಗರ ದಾಟಿದ ಮೇಲೆ ಮುಂದಿದ್ದ ಲಾರಿ ನಿಧಾನವಾಯಿತು. ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿತು, ಸ್ಟೇರಿಂಗೂ ಅದರ ಜೊತೆ ಅಲುಗಾಡಿತು. ಹಿಂದೆ ಕೂತಿದ್ದ ಅಮ್ಮ "ಏನಾತೋ ಗಾಡಿಗೆ?" ಎಂದು ಗಾಬರಿಯಾದರು. ಕಾರೇನೋ ನಿಂತಿತು. ಆದರೆ ನನಗೆ ಸಮಾಧಾನವಾಗಲಿಲ್ಲ. ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡ್, ಹೊಸ ಡಿಸ್ಕ್ ಹಾಕಿಸಿ ಎಂಟು ತಿಂಗಳೂ ಆಗಿರಲಿಲ್ಲ. ದುಡ್ಡು ಕೊಟ್ಟು ಒಳ್ಳೆಯ ಸಾಮಾನನ್ನೇ ತಂದಿದ್ದೆ. ಹಾಗಾದರೆ ತಪ್ಪು ಎಲ್ಲಿ?

ಅದನ್ನು ಹುಡುಕುತ್ತಾ ಹೋದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬ್ರೇಕ್ ಸಾಮಾನು ಆರಿಸುವುದು ಕಷ್ಟದ ಕೆಲಸವಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರು ಅಳತೆ ನೋಡದೆ, ಕಣ್ಣಂದಾಜಿನ ಮೇಲೆ ಕೊಳ್ಳುತ್ತೇವೆ.

ಮೊದಲು ಒಂದು ಮಾತು. ಇಂಟರ್‌ನೆಟ್‌ನಲ್ಲಿ ರೋಟರ್ ಎಂದು ಬರೆದಿರುವುದನ್ನೇ ನಮ್ಮ ಗ್ಯಾರೇಜುಗಳಲ್ಲಿ ಡಿಸ್ಕ್ ಅಥವಾ ಡಿಸ್ಕ್ ಪ್ಲೇಟ್ ಎನ್ನುತ್ತಾರೆ. ಎರಡೂ ಒಂದೇ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ ಡಿಸ್ಕ್, ಬ್ರೇಕ್ ಒತ್ತಿದಾಗ ಅದನ್ನು ಎರಡೂ ಕಡೆಯಿಂದ ಉಜ್ಜಿ ಹಿಡಿಯುವುದು ಪ್ಯಾಡ್.

ನಿಮ್ಮ ಕಾರಿನಲ್ಲಿ ಏನಿದೆ ತಿಳಿದುಕೊಳ್ಳಿ

ದಿನಬಳಕೆಯ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಡ್ರಮ್ಮಿಗೆ ಪ್ಯಾಡ್ ಅಲ್ಲ, ಶೂ. ಅದರ ವಿಚಾರ ಬೇರೆ. ಬ್ರೇಕ್ ಹಾಕಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಮುಂದಿನ ಬ್ರೇಕಿಗೇ ಕೆಲಸ ಜಾಸ್ತಿ. ಹಾಗಾಗಿ ಮುಂದಿನ ಪ್ಯಾಡೇ ಮೊದಲು ಸವೆಯುತ್ತದೆ.

ಒಂದೇ ಮಾಡೆಲ್ಲಿನ ಕಾರಿಗೆ ವರ್ಷ ಬದಲಾದಂತೆ, ಪೆಟ್ರೋಲ್ ಡೀಸೆಲ್ ಎಂದು ಬದಲಾದಂತೆ ಡಿಸ್ಕಿನ ಅಳತೆಯೂ ಬೇರೆಯಾಗಬಹುದು. ಅಂಗಡಿಯಲ್ಲಿ ಬರೀ ಕಾರಿನ ಹೆಸರು ಹೇಳಿದರೆ ಸಾಲದು. ಆರ್‌ಸಿಯಲ್ಲಿರುವ 17 ಅಕ್ಷರ–ಅಂಕಿಗಳ ಚಾಸಿಸ್ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ. ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಆ ನಂಬರ್ ಹಾಕಿದರೆ ನಿಮ್ಮ ಕಾರಿನ ಪಾರ್ಟ್ ನಂಬರ್ ಸಿಗುತ್ತದೆ. ಸಾಮಾನನ್ನು ಬೇರೆ ಅಂಗಡಿಯಲ್ಲಿ ಕೊಂಡರೂ ಆ ನಂಬರನ್ನು ಬರೆದುಕೊಂಡು ಹೋಗಿ. ಹಳೆಯ ಪ್ಯಾಡ್ ಬಿಚ್ಚಿದ್ದರೆ ಅದನ್ನೂ ಒಯ್ದು, ಹೊಸದರ ಪಕ್ಕ ಇಟ್ಟು ನೋಡಿ.

ಪ್ಯಾಡ್ ಸವೆದಿದೆಯಾ?

ಹೊಸ ಪ್ಯಾಡಿನಲ್ಲಿ ಉಜ್ಜುವ ಭಾಗ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. ಹಿಂದಿನ ಕಬ್ಬಿಣದ ತಗಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಜ್ಜುವ ಭಾಗ 3 ಮಿ.ಮೀ.ಗೆ ಬಂದರೆ ಬದಲಿಸುವ ಹೊತ್ತಾಯಿತು. ಅಲಾಯ್ ವೀಲ್ ಇದ್ದರೆ ಮೊಬೈಲ್ ಟಾರ್ಚ್ ಬಿಟ್ಟು ಹೊರಗಿನ ಪ್ಯಾಡನ್ನು ನೋಡಬಹುದು. ಅಷ್ಟಕ್ಕೇ ನಿಲ್ಲಿಸಬೇಡಿ. ಒಳಗಿನ ಪ್ಯಾಡ್ ಎಷ್ಟೋ ಸಲ ಮೊದಲು ಸವೆದಿರುತ್ತದೆ, ಅದನ್ನು ನೋಡಲು ಚಕ್ರ ಬಿಚ್ಚಲೇಬೇಕು.

ಬಹಳಷ್ಟು ಪ್ಯಾಡುಗಳಿಗೆ ಒಂದು ಸಣ್ಣ ಕಬ್ಬಿಣದ ಪಟ್ಟಿ ಅಂಟಿಸಿರುತ್ತಾರೆ. ಪ್ಯಾಡ್ ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕೀಂ ಎಂದು ಕಿರುಚುತ್ತದೆ. ಆ ಶಬ್ದ ಬಂದರೆ ಆ ವಾರವೇ ಗ್ಯಾರೇಜಿಗೆ ಹೋಗಿ. ಗರಗರ ಶಬ್ದ ಬಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಎಂದರ್ಥ. ಅಂಥ ಕಾರನ್ನು ಓಡಿಸಬೇಡಿ. ರಾತ್ರಿ ಮಳೆ ಬಂದು ಬೆಳಿಗ್ಗೆ ಡಿಸ್ಕಿನ ಮೇಲೆ ಕೆಂಪಗೆ ತುಕ್ಕು ಕಂಡರೆ ಮಾತ್ರ ಹೆದರಬೇಕಿಲ್ಲ. ನಾಲ್ಕು ಸಲ ಬ್ರೇಕ್ ಹಾಕಿದರೆ ಅದು ಹೋಗುತ್ತದೆ.

ಡಿಸ್ಕ್ ಬೇಕೋ ಬೇಡವೋ ಹೇಳುವುದು ಅಳತೆ

ಹೆಚ್ಚು ದುಡ್ಡು ಹೋಗುವುದೂ ಇಲ್ಲೇ, ಉಳಿಯುವುದೂ ಇಲ್ಲೇ. "ಪ್ಯಾಡ್ ಹಾಕುವಾಗ ಡಿಸ್ಕ್ ಕೂಡ ಬದಲಿಸಿಬಿಡಿ" ಎನ್ನುವವರಿದ್ದಾರೆ. "ಡಿಸ್ಕಿಗೆ ಏನಾಗುತ್ತೆ, ಸುಮ್ನೆ ಪ್ಯಾಡ್ ಹಾಕಿ" ಎನ್ನುವವರೂ ಇದ್ದಾರೆ. ಅಳತೆ ಮಾಡದೆ ಹೇಳಿದರೆ ಇಬ್ಬರ ಮಾತನ್ನೂ ನಂಬುವಂತಿಲ್ಲ.

ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ 'ಮಿನ್' ಎಂದು ಕೊರೆದು, ಪಕ್ಕದಲ್ಲಿ ಒಂದು ಅಂಕಿ ಬರೆದಿರುತ್ತಾರೆ. ಡಿಸ್ಕ್ ಅದಕ್ಕಿಂತ ತೆಳ್ಳಗಾದರೆ ಬಳಸಬಾರದು. ನಮ್ಮ ಕಾರಿನಲ್ಲಿ ಹೊಸ ಡಿಸ್ಕ್ 17 ಮಿ.ಮೀ., ಕಡಿಮೆ ಎಂದರೆ 15 ಮಿ.ಮೀ. ಇರಬೇಕು. ನಡುವೆ ಇರುವುದು ಎರಡೇ ಮಿ.ಮೀ. ಹೆಚ್ಚಿನ ಕಾರುಗಳಲ್ಲಿ ವ್ಯತ್ಯಾಸ ಇಷ್ಟೇ ಇರುತ್ತದೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣಿನಿಂದ ಹೇಳಲು ಯಾರಿಗೂ ಆಗುವುದಿಲ್ಲ.

ಅಳೆಯುವುದರಲ್ಲೂ ಒಂದು ಎಚ್ಚರ ಬೇಕು. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ದಿಬ್ಬದ ಹಾಗೆ ಉಳಿದಿರುತ್ತದೆ. ವರ್ನಿಯರ್ ಎಂಬ ಅಳತೆ ಸಾಧನವನ್ನು ನೇರ ಹಾಕಿದರೆ ಅದು ಆ ದಿಬ್ಬವನ್ನೇ ಹಿಡಿದು ಜಾಸ್ತಿ ತೋರಿಸುತ್ತದೆ. ಮೈಕ್ರೋಮೀಟರಿನಿಂದ ದಿಬ್ಬ ದಾಟಿ ಒಳಗೆ, ಪ್ಯಾಡ್ ಉಜ್ಜುವ ಜಾಗದಲ್ಲೇ ಅಳೆಯಬೇಕು. ಅದೂ ಒಂದೇ ಕಡೆ ಅಲ್ಲ, ಸುತ್ತಲೂ ಆರೆಂಟು ಕಡೆ. ಗ್ಯಾರೇಜಿನವರಿಗೆ "ಅಳತೆ ಎಷ್ಟು ಬಂತು?" ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಬಿರುಕು ಕಂಡರೆ ಅಳತೆ ಎಷ್ಟೇ ಇರಲಿ, ಡಿಸ್ಕ್ ಬದಲಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳಿದ್ದು ದಪ್ಪ ಇನ್ನೂ ಚೆನ್ನಾಗಿದ್ದರೆ ಲೋಹ ಹೆರೆಯುವ ಯಂತ್ರವಾದ ಲೇತ್‌ಗೆ ಕೊಟ್ಟು ಸಮ ಮಾಡಿಸಬಹುದು. ಆದರೆ ಲೇತ್‌ನಿಂದ ಬಂದ ಮೇಲೂ ಅದು ಕನಿಷ್ಠ ಅಂಕಿಗಿಂತ ಸಾಕಷ್ಟು ದಪ್ಪ ಉಳಿಯಬೇಕು. ಪ್ಯಾಡ್ ಆಗಲಿ ಡಿಸ್ಕ್ ಆಗಲಿ, ಎಡ ಬಲ ಎರಡಕ್ಕೂ ಒಟ್ಟಿಗೆ ಹಾಕಿಸಬೇಕು. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು.

ತೂತು ಕೊರೆದ, ಗೀರು ಹಾಕಿದ ಡಿಸ್ಕುಗಳು ನೋಡಲು ಚೆಂದ. ಆದರೆ ನಮ್ಮ ಓಡಾಟಕ್ಕೆ ಅವು ಬೇಡ. ತೂತಿನ ಬಾಯಿಂದಲೇ ಬಿರುಕು ಶುರುವಾಗಬಹುದು. ಕಂಪನಿ ಕೊಟ್ಟಂಥ ಸಾದಾ ಬೀಡುಕಬ್ಬಿಣದ ಡಿಸ್ಕೇ ಸಾಕು. ನಡುವೆ ಗಾಳಿ ಹೋಗುವ ಸಂದಿರುವ ಡಿಸ್ಕ್ ನಿಮ್ಮ ಕಾರಿನಲ್ಲಿದ್ದರೆ ಅದೇ ಥರದ್ದನ್ನೇ ತನ್ನಿ.

ಯಾವ ಪ್ಯಾಡ್?

ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ ಹಿಡಿಯುತ್ತದೆ, ಶಬ್ದ ಕಡಿಮೆ, ಡಿಸ್ಕನ್ನು ಜಾಸ್ತಿ ಸವೆಸುವುದಿಲ್ಲ. ಆದರೆ ತುಂಬಾ ಬಿಸಿಯಾದರೆ ಹಿಡಿತ ಕಡಿಮೆಯಾಗುತ್ತದೆ. ಸೆಮಿ ಮೆಟಾಲಿಕ್ ಪ್ಯಾಡಿನಲ್ಲಿ ಉಕ್ಕು, ತಾಮ್ರದಂಥ ಲೋಹದ ಎಳೆ, ಪುಡಿ ಸೇರಿರುತ್ತವೆ. ಇದು ಬಿಸಿ ತಡೆಯುತ್ತದೆ. ಬದಲಿಗೆ ಶಬ್ದ ಸ್ವಲ್ಪ ಹೆಚ್ಚು, ವೀಲ್ ಮೇಲೆ ಕಪ್ಪು ಪುಡಿ ಹೆಚ್ಚು, ಡಿಸ್ಕಿನ ಸವೆತವೂ ಹೆಚ್ಚು. ಸೆರಾಮಿಕ್ ಪ್ಯಾಡಿನಲ್ಲಿ ಪುಡಿ ಕಡಿಮೆ, ಶಬ್ದ ಕಡಿಮೆ, ಬಾಳಿಕೆಯೂ ಚೆನ್ನಾಗಿರುತ್ತದೆ. ಬೆಲೆ ಮಾತ್ರ ಜಾಸ್ತಿ.

ನನ್ನ ಸಲಹೆ ಇಷ್ಟು. ದಾವಣಗೆರೆಯ ಪಿ.ಬಿ. ರಸ್ತೆ, ಹದಡಿ ರಸ್ತೆ, ಮಕ್ಕಳ ಶಾಲೆ, ವಾರಕ್ಕೊಮ್ಮೆ ಊರು, ಇಷ್ಟೇ ನಿಮ್ಮ ಓಡಾಟವಾದರೆ ಕಾರಿನ ಕಂಪನಿ ಮೊದಲು ಹಾಕಿದ ಬಗೆಯ ಪ್ಯಾಡನ್ನೇ ಹಾಕಿಸಿ. ಅದನ್ನು ಕಾರಿನ ತೂಕಕ್ಕೂ ಡಿಸ್ಕಿಗೂ ಹೊಂದಿಸಿ ಆರಿಸಿರುತ್ತಾರೆ. ವಾರದಲ್ಲಿ ನಾಲ್ಕು ದಿನ ಹೆದ್ದಾರಿಯಲ್ಲೇ ಇರುವವರು, ಕಾರು ತುಂಬಿಕೊಂಡು ಆಗುಂಬೆ ಇಳಿದು ಉಡುಪಿ ಕಡೆ ಹೋಗಿಬರುವವರು, ಹೆಸರಿರುವ ಕಂಪನಿಯ ಒಳ್ಳೆಯ ಸೆಮಿ ಮೆಟಾಲಿಕ್ ಪ್ಯಾಡ್ ಬಗ್ಗೆ ಯೋಚಿಸಬಹುದು. ವೇಗ ಎರಡು ಪಟ್ಟಾದರೆ ಬ್ರೇಕ್ ಹೀರಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 50ರ ವೇಗದಲ್ಲಿ ಸಾಕೆನಿಸಿದ ಪ್ಯಾಡ್ 100ರಲ್ಲಿ ಸಾಲದೆ ಹೋಗಬಹುದು. ಸುಗ್ಗಿ ಕಾಲದಲ್ಲಿ ನಮ್ಮ ಹಳ್ಳಿ ರಸ್ತೆಗಳಲ್ಲಿ ಒಂದು ತಿರುವು ದಾಟಿದ ಕೂಡಲೇ ಒಕ್ಕಣೆ ಎದುರಾಗುತ್ತದೆ ಅಲ್ವಾ? ಅಲ್ಲಿ ಕಾಲಿಟ್ಟ ಕೂಡಲೇ ಬ್ರೇಕ್ ಹಿಡಿಯಲೇಬೇಕು.

ಕೆಲವು ಪ್ಯಾಡುಗಳ ಅಂಚಿನಲ್ಲಿ ಎಫ್‌ಎಫ್, ಇಎಫ್ ಎಂದು ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿತ, ಎರಡನೆಯದು ತುಂಬಾ ಕಾದಾಗ ಎಷ್ಟು ಹಿಡಿತ ಎಂದು ಹೇಳುತ್ತದೆ. ಇ ಎಂದರೆ ಘರ್ಷಣೆಯ ಅಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45. ದಿನಬಳಕೆಗೆ ಎಫ್‌ಎಫ್ ಚೆನ್ನಾಗಿದೆ. ಹಾಗೆಂದು ಅಕ್ಷರ ನೋಡಿಯೇ ಕೊಳ್ಳಬೇಡಿ. ಬಾಳಿಕೆ, ಶಬ್ದ, ಪುಡಿ ಇವು ಯಾವುದನ್ನೂ ಆ ಅಕ್ಷರ ಹೇಳುವುದಿಲ್ಲ.

ಪೊಟ್ಟಣವನ್ನೂ ಓದಿ. ಪಾರ್ಟ್ ನಂಬರ್, ತಯಾರಿಸಿದ ತಿಂಗಳು, ಎಂಆರ್‌ಪಿ ಸರಿಯಾಗಿ ಅಚ್ಚಾಗಿರಬೇಕು. ಅಕ್ಷರ ಮಸುಕಾಗಿದ್ದರೆ, ಬೆಲೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ, ಹೆಸರೇ ಇಲ್ಲದ ಬಿಡಿ ಪ್ಯಾಡ್ ಕೊಟ್ಟರೆ ವಾಪಸ್ ಕೊಟ್ಟು ಬನ್ನಿ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ.

ಜೋಡಿಸುವಾಗ ಪಕ್ಕದಲ್ಲಿ ನಿಂತು ನೋಡಿ

ಈಗ ನಮ್ಮ ಕಾರಿನ ಕಥೆಗೆ ಬರುತ್ತೇನೆ. ನಡುಕ ಶುರುವಾದಾಗ ಮೊದಲು ಕೆಲಸ ಮಾಡಿಸಿದ್ದ ಗ್ಯಾರೇಜಿಗೇ ಹೋದೆ. "ಡಿಸ್ಕ್ ಬೆಂಡಾಗಿದೆ, ಹೊಸದು ಹಾಕಬೇಕು" ಎಂದರು. ಎಂಟು ತಿಂಗಳಿಗೆ ಎರಡನೇ ಸಲ! ನನಗೆ ಒಪ್ಪಲಾಗಲಿಲ್ಲ. ಪರಿಚಯದವರು ಹೇಳಿದ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ.

ಅವರು ಚಕ್ರ ಬಿಚ್ಚಿ, ನಟ್ ಹಾಕಿ ಡಿಸ್ಕನ್ನು ಬಿಗಿ ಮಾಡಿ, ಅಂಚಿನ ಹತ್ತಿರ, ಓರೆಯನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ನಿಲ್ಲಿಸಿದರು. ಕೈಯಿಂದ ನಿಧಾನ ತಿರುಗಿಸಿದರು. ಮುಳ್ಳು ಆ ಕಡೆ ಈ ಕಡೆ ಓಡಾಡಿತು. ಆಮೇಲೆ ಡಿಸ್ಕ್ ತೆಗೆದು ಅದರ ಹಿಂದೆ ಡಿಸ್ಕ್ ಕೂರುವ ಭಾಗವಾದ ಹಬ್ ಮೇಲೆ ಬೆರಳಾಡಿಸಿದರು. "ಸರ್, ಡಿಸ್ಕ್ ಬೆಂಡ್ ಆಗಿಲ್ರಿ. ಇಲ್ಲಿ ಮುಟ್ಟಿ ನೋಡ್ರಿ" ಎಂದರು. ಮುಟ್ಟಿದೆ. ಅಕ್ಕಿ ನುಚ್ಚಿನಷ್ಟು ದೊಡ್ಡ ತುಕ್ಕಿನ ಚಕ್ಕೆ, ಒತ್ತಿ ಒತ್ತಿ ಗಟ್ಟಿಯಾಗಿ ಕೂತಿತ್ತು. ಹೊಸ ಡಿಸ್ಕ್ ಕೂರಿಸುವಾಗ ಹಬ್ ಉಜ್ಜಿರಲೇ ಇಲ್ಲ.

ಆ ಚಕ್ಕೆಯಿಂದ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿಗೆ ಅದರ ಒಂದೇ ಜಾಗ ಪ್ಯಾಡಿಗೆ ಸವರಿಕೊಂಡು ಹೋಗುತ್ತಿತ್ತು. ಸಾವಿರಾರು ಕಿ.ಮೀ. ಓಡುವಷ್ಟರಲ್ಲಿ ಆ ಜಾಗ ಉಳಿದದ್ದಕ್ಕಿಂತ ತೆಳ್ಳಗಾಯಿತು. ಅವರು ಅಳೆದಾಗ ಬಂದ ವ್ಯತ್ಯಾಸ 0.04 ಮಿ.ಮೀ. ಅಷ್ಟೇ. ಪೆಡಲ್ ನಡುಗಲು ಅಷ್ಟು ಸಾಕಂತೆ. ಡಿಸ್ಕ್ ಬೆಂಡಾಗಿದೆ ಎಂದು ಹೇಳಿಸಿಕೊಳ್ಳುವ ಎಷ್ಟೋ ಕಾರುಗಳಲ್ಲಿ ನಿಜವಾಗಿ ಆಗಿರುವುದು ಇದೇ. ಹಬ್ಬನ್ನು ಎಮರಿ ಪೇಪರಿನಿಂದ ಬೆಳ್ಳಗಾಗುವವರೆಗೆ ಉಜ್ಜಿದರು. ಡಿಸ್ಕಿನ ದಪ್ಪ ಇನ್ನೂ ಬೇಕಾದಷ್ಟು ಇದ್ದಿದ್ದರಿಂದ ಲೇತ್‌ನಲ್ಲಿ ಸಮ ಮಾಡಿಸಿ ಕೂರಿಸಿದರು. ಮತ್ತೆ ಗೇಜ್ ಇಟ್ಟು ತಿರುಗಿಸಿದಾಗ ಮುಳ್ಳು ಅಲುಗಿದ್ದು ಕಣ್ಣಿಗೆ ಕಾಣಲಿಲ್ಲ. ಹೊಸ ಡಿಸ್ಕಿನ ದುಡ್ಡು ಉಳಿಯಿತು.

ಹಾಗಾಗಿ ಹಬ್ ಉಜ್ಜಿದರಾ ಎಂದು ನೋಡಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಕು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರುವ ಪಿನ್ನುಗಳನ್ನು ತೆಗೆದು ಸ್ವಚ್ಛ ಮಾಡಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಬೇಕು. ಪಿನ್ ಹಿಡಿದುಕೊಂಡಿದ್ದರೆ ಹೊಸ ಪ್ಯಾಡೂ ಒಂದೇ ಕಡೆ ಸವೆಯುತ್ತದೆ. ಬ್ರೇಕ್ ಪುಡಿಯನ್ನು ಗಾಳಿ ಪೈಪಿನಿಂದ ಊದಿಸಬೇಡಿ. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ನಿಮಗೂ ಕೆಲಸದ ಹುಡುಗನಿಗೂ. ನಟ್ಟುಗಳನ್ನು ಎದುರುಬದುರಾಗಿ, ಸಮನಾಗಿ ಬಿಗಿಯಬೇಕು. ಹಿಂದೆಯೂ ಡಿಸ್ಕ್ ಇದ್ದು, ಬಟನ್ ಒತ್ತಿ ಹಾಕುವ ಹ್ಯಾಂಡ್ ಬ್ರೇಕ್ ನಿಮ್ಮ ಕಾರಿನಲ್ಲಿದ್ದರೆ ಆ ಕೆಲಸ ಗೊತ್ತಿರುವ ಕಡೆಗೇ ಹೋಗಿ.

ಬ್ರೇಕ್ ಆಯಿಲ್ ಎರಡು ವರ್ಷದಿಂದ ಬದಲಿಸಿಲ್ಲವಾದರೆ ಇದೇ ಸಲ ಬದಲಿಸಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬಿಸಿ ಬೇಕು. ನೀರು ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಘಾಟಿ ಇಳಿಯುವಾಗ ಹಾಗಾದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ.

ಗ್ಯಾರೇಜಿನಿಂದ ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಇದನ್ನು ಮರೆಯಲೇಬೇಡಿ. ಪ್ಯಾಡ್ ಹಾಕಲು, ಅದನ್ನು ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ, ಒತ್ತದೆ ಹೊರಟರೆ ಮೊದಲ ಬ್ರೇಕ್ ಹಿಡಿಯುವುದೇ ಇಲ್ಲ.

ಹೊಸ ಪ್ಯಾಡ್ ಪಳಗಿಸುವುದು

ಬೆಳಿಗ್ಗೆ ಬೇಗ, ವಾಹನ ಕಡಿಮೆ ಇರುವ ರಸ್ತೆಗೆ ಹೋಗಿ. ಹಿಂದೆ ಯಾರೂ ಇಲ್ಲ ಎಂದು ನೋಡಿಕೊಂಡು 60ರಿಂದ 15ರ ವೇಗಕ್ಕೆ ಹದವಾಗಿ ಬ್ರೇಕ್ ಒತ್ತಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಅರ್ಧ ಕಿ.ಮೀ. ಬ್ರೇಕ್ ಮುಟ್ಟದೆ ಓಡಿಸಿ, ತಣ್ಣಗಾಗಲಿ. ಹೀಗೆ ಹತ್ತು ಹನ್ನೆರಡು ಸಲ. ಇದರಿಂದ ಪ್ಯಾಡಿನ ತೆಳು ಪದರ ಡಿಸ್ಕಿನ ಸುತ್ತ ಸಮನಾಗಿ ಕೂರುತ್ತದೆ. ಸ್ವಲ್ಪ ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಮೊದಲ 300 ಕಿ.ಮೀ. ತೀರಾ ಅಗತ್ಯ ಬಿದ್ದರೆ ಹೊರತು ಜೋರಾಗಿ ಬ್ರೇಕ್ ಹಾಕಬೇಡಿ. ದಸರಾ ರಜೆಗೆ ಆಗುಂಬೆ ಇಳಿಯುವ ಯೋಚನೆ ಇದ್ದರೆ ಹೊರಡುವ ಹಿಂದಿನ ದಿನ ಪ್ಯಾಡ್ ಹಾಕಿಸಬೇಡಿ, ಎರಡು ವಾರ ಮೊದಲೇ ಹಾಕಿಸಿ.